ಮನೆ ಕೊಟ್ಟೆವು, ಅಭಯ ಕೊಟ್ಟೆವೇ?

ಭೋಗಭೂಮಿಯ ಕಾಲ ಮುಗಿದು ಕಲ್ಪವೃಕ್ಷಗಳು ಕ್ಷೀಣಿಸಿದಾಗ ಪ್ರಜೆಗಳು ಭಯಗ್ರಸ್ತರಾಗಿ ನಾಭಿರಾಜನ ಬಳಿಗೂ ಅನಂತರ ಆತನ ಮಾತಿನಂತೆ ವೃಷಭದೇವನ ಬಳಿಗೂ ಬಂದರೆಂದು ಜಿನಸೇನಾಚಾರ್ಯರ ಆದಿಪುರಾಣವು ತಿಳಿಸುತ್ತದೆ. 'ಇದು ಕಾಲದೋಷ, ಸಹಿಸಿಕೊಳ್ಳಿರಿ' ಎಂದು ಆದಿದೇವನು ಅವರನ್ನು ಹಿಂದಕ್ಕೆ ಕಳುಹಿಸಲಿಲ್ಲ. ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದನು. ಆತನ ಅಪೇಕ್ಷೆಯಂತೆ ಗ್ರಾಮ, ನಗರ, ಖೇಟ, ಖರ್ವಟ, ಪತ್ತನ, ದ್ರೋಣಮುಖಗಳೆಂಬ ವಸತಿಗಳು ಸ್ಥಾಪಿತವಾದವು. ಆ ಮಹಾಗ್ರಂಥದ 16ನೆಯ ಪರ್ವದಲ್ಲಿ ಗ್ರಾಮದ ಲಕ್ಷಣವನ್ನು ಹೇಳುವಾಗ ಆಚಾರ್ಯರು ಮನೆಗಳನ್ನು ಮಾತ್ರ ಹೇಳಿ ಸುಮ್ಮನಾಗುವುದಿಲ್ಲ. ಬೇಲಿಯನ್ನು ಹೇಳುತ್ತಾರೆ, ಒಕ್ಕಲುತನದವರನ್ನು ಹೇಳುತ್ತಾರೆ, ತೋಟವನ್ನೂ ಜಲಾಶಯವನ್ನೂ ಹೇಳುತ್ತಾರೆ. ಪ್ರಕೃತಿಯ ಕ್ರಮ ಬದಲಾದಾಗ ಜನರನ್ನು ಎಲ್ಲಿ, ಹೇಗೆ, ಯಾವ ಅನುಕೂಲದೊಡನೆ ನೆಲೆಗೊಳಿಸಬೇಕು ಎಂಬ ವಿಚಾರವು ನಮ್ಮ ಧರ್ಮಕ್ಕೆ ಹೊರಗಿನದಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಿಲ್ಲ.

ಆದರೂ ಇಂದು ನಮ್ಮ ಬಸದಿಗಳ ವಿಶ್ವಸ್ಥ ಮಂಡಳಿಗಳಲ್ಲಿ ಈ ವಿಷಯ ಬಂದರೆ 'ಅದು ಸರ್ಕಾರದ ಕೆಲಸ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಪ್ರವಾಹ ಬಂದ ವಾರದಲ್ಲಿ ಮಾತ್ರ ನಮಗೆ ಕರುಣೆ ಉಕ್ಕುತ್ತದೆ. ಬಟ್ಟೆಯ ಗಂಟು, ರೊಟ್ಟಿಯ ಬುಟ್ಟಿ, ಹೊದಿಕೆ, ಒಂದು ಛಾಯಾಚಿತ್ರ. ಹೆಚ್ಚಿನ ಶಕ್ತಿಯುಳ್ಳವರು ಕೆಲವು ಮನೆಗಳನ್ನು ಕಟ್ಟಿಸಿ, ಬಾಗಿಲ ಮೇಲೆ ಹೆಸರನ್ನು ಕೆತ್ತಿಸಿ, ಕೀಲಿಕೈ ಹಸ್ತಾಂತರಿಸಿ ಬರುತ್ತಾರೆ. ಅಲ್ಲಿಗೆ ದಾನದ ಖಾತೆ ಮುಗಿಯಿತೆಂದು ತಿಳಿಯುತ್ತೇವೆ. ಮುಗಿದಿಲ್ಲವೆಂಬುದೇ ಈ ಲೇಖನದ ವಾದ. ಅಭಯವಿಲ್ಲದ ಆವಾಸವು ದಾನವಾಗಲಾರದು. ಯೋಜನೆಯಿಲ್ಲದೆ ಅಭಯವು ಸಿದ್ಧಿಸಲಾರದು.

ನಮ್ಮ ಗದಗ ಜಿಲ್ಲೆಯನ್ನೇ ನೋಡೋಣ. ವರ್ಷಕ್ಕೆ ಸುಮಾರು 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಕಾಣುವ ಬಯಲುಸೀಮೆ ಇದು. ಇಲ್ಲಿಯವರಿಗೆ ಬರಗಾಲ ಪರಿಚಿತ. ಮುಂಡರಗಿ, ಶಿರಹಟ್ಟಿಯ ಕಡೆಯಿಂದ ಕೂಲಿಕಾರರು ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗುವುದೂ ಪರಿಚಿತ. ಇಂಥ ಸೀಮೆಯಲ್ಲಿ 2009ರ ಸೆಪ್ಟೆಂಬರ್ ಕೊನೆಯ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಮಲಪ್ರಭೆಯೂ ಬೆಣ್ಣೆಹಳ್ಳವೂ ಉಕ್ಕಿ ನರಗುಂದ, ರೋಣ ತಾಲೂಕುಗಳ ಹೊಳೆಸಾಲಿನ ಊರುಗಳನ್ನು ಮುಳುಗಿಸಿದವು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹತ್ತೇ ವರ್ಷಗಳ ಮೇಲೆ, 2019ರ ಆಗಸ್ಟ್ ತಿಂಗಳಲ್ಲಿ, ನವಿಲುತೀರ್ಥದ ಜಲಾಶಯ ತುಂಬಿ ನೀರನ್ನು ಬಿಡಬೇಕಾಗಿ ಬಂದಾಗ ಕೊಣ್ಣೂರು, ಲಖಮಾಪುರ, ಹೊಳೆಆಲೂರು, ಮೆಣಸಗಿಗಳ ಕಡೆ ಮತ್ತೆ ಅದೇ ಗತಿ. ನಾಲ್ಕು ವರ್ಷ ಕಳೆದು 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮುಳುಗುವುದು, ಒಣಗುವುದು ಎರಡೂ ಒಂದೇ ಜಿಲ್ಲೆಯ ಹಣೆಬರಹವಾಯಿತು.

ಇದು ಆಕಸ್ಮಿಕವಲ್ಲ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವವನ್ನು ಹಿಡಿದಿಡಬಲ್ಲುದೆಂದು ವಿಜ್ಞಾನಿಗಳು ಹೇಳುತ್ತಾರೆ. ಆದ್ದರಿಂದ ಮಳೆಯಿಲ್ಲದ ದಿನಗಳಲ್ಲಿ ನೆಲದ ತೇವ ಬೇಗನೆ ಆರುತ್ತದೆ. ಮಳೆ ಬಂದಾಗ ಒಮ್ಮೆಲೇ ಸುರಿಯುತ್ತದೆ. ಇದರ ಮೇಲೆ ನಮ್ಮ ಲೋಭವೂ ಕೂಡಿತು. ಮೇಲೆ ಅಣೆಕಟ್ಟು ನಿಂತು ಹೊಳೆಯಲ್ಲಿ ವರ್ಷಗಟ್ಟಲೆ ನೀರು ತುಂಬಿ ಹರಿಯದಿದ್ದಾಗ ನದೀಪಾತ್ರವನ್ನೇ ಉತ್ತು ಬಿತ್ತಿದೆವು. ಹೊಳೆಯು ತನ್ನ ದಾರಿಯನ್ನು ಮರೆತಿರಲಿಲ್ಲ, ಮರೆತವರು ನಾವು.

2009ರ ನಂತರ ಸರ್ಕಾರವು 'ಆಸರೆ' ಎಂಬ ಹೆಸರಿನಿಂದ ಮುಳುಗುವ ಗ್ರಾಮಗಳನ್ನು ಎತ್ತರದ ಸ್ಥಳಕ್ಕೆ ಸಾಗಿಸುವ ಯೋಜನೆಯನ್ನು ಕೈಗೊಂಡಿತು. ಉದ್ಯಮಿಗಳನ್ನೂ ಮಠಗಳನ್ನೂ ಸಂಘಸಂಸ್ಥೆಗಳನ್ನೂ ಕರೆದು ಮನೆಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದು. ಕೊಟ್ಟವರ ಮನಸ್ಸೂ ಒಳ್ಳೆಯದು. ಆದರೆ ಫಲವೇನು? ಗದಗ, ಬಾಗಲಕೋಟೆ ಜಿಲ್ಲೆಗಳಲ್ಲಿ ಎಷ್ಟೋ ಆಸರೆ ಬಡಾವಣೆಗಳು ವರ್ಷಗಟ್ಟಲೆ ಖಾಲಿ ಬಿದ್ದವು. ಅಂಗಳದಲ್ಲಿ ಜಾಲಿ ಬೆಳೆಯಿತು. ಬಾಗಿಲು ಕಿಟಕಿಗಳು ಕಾಣೆಯಾದವು. ಜನರು ಹೊಳೆಯ ದಂಡೆಯ ಹಳೆಯ ಊರಿಗೇ ಮರಳಿದರು. 2019ರಲ್ಲಿ ನೀರು ನುಗ್ಗಿದಾಗ ಅದೇ ಪಾಳುಮನೆಗಳ ಮುಳ್ಳುಕಂಟಿ ಸವರಿ ಒಳಗೆ ಹೊಕ್ಕರು.

ಇದನ್ನು ಕಂಡು ಪಟ್ಟಣದಲ್ಲಿ ಕುಳಿತವರು 'ಹಳ್ಳಿಯವರಿಗೆ ಎಷ್ಟು ಕೊಟ್ಟರೂ ಅಷ್ಟೇ' ಎನ್ನುತ್ತಾರೆ. ಒಂದು ಟ್ರಸ್ಟಿನ ಸಭೆಯಲ್ಲಿ ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಇದು ಅನ್ಯಾಯದ ಮಾತು. ನಾನು ವ್ಯಾಪಾರಿ, ಅಂಗಡಿಯ ಭಾಷೆಯಲ್ಲಿಯೇ ಕೇಳುತ್ತೇನೆ: ಸರಕು ಗಿರಾಕಿಗೆ ಬೇಡವಾದರೆ ಯಾವ ವರ್ತಕನು ಗಿರಾಕಿಯನ್ನು ಬೈಯುತ್ತಾನೆ? ಒಕ್ಕಲಿಗನ ಮನೆಯೆಂದರೆ ನಾಲ್ಕು ಗೋಡೆಯಲ್ಲ. ಎತ್ತು, ಎಮ್ಮೆ ಕಟ್ಟಲು ಸ್ಥಳ ಬೇಕು. ಬಣವಿ ಒಟ್ಟಲು ಜಾಗ ಬೇಕು. ಕಾಳು ಇಡಲು, ತಿಪ್ಪೆ ಹಾಕಲು, ನೇಗಿಲು ಕುಂಟೆ ಇರಿಸಲು ಹಿತ್ತಿಲು ಬೇಕು. ಹೊಲ ನಡೆದು ಹೋಗುವಷ್ಟು ಹತ್ತಿರವಿರಬೇಕು. ಹೆಣ್ಣುಮಕ್ಕಳಿಗೆ ನೀರು, ಬಚ್ಚಲು, ಶೌಚದ ಮರ್ಯಾದೆ ಬೇಕು. ನಮ್ಮ ಎರೆಭೂಮಿಯು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ತೆಳುವಾದ ತಳಪಾಯ ಹಾಕಿದ ಗೋಡೆ ಸೀಳದೆ ಇರದು. ಈ ಸಂಗತಿಗಳನ್ನು ಹೊಳೆಸಾಲಿನ ಯಾವ ಮುದುಕಿಯಾದರೂ ಹೇಳಬಲ್ಲಳು. ಕೇಳುವವರು ಬೇಕಿತ್ತು.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿಗಳು ದಾನದ ತಾರತಮ್ಯಕ್ಕೆ ನಾಲ್ಕು ಕಾರಣಗಳನ್ನು ಹೇಳಿದ್ದಾರೆ: ವಿಧಿ, ದ್ರವ್ಯ, ದಾತೃ, ಪಾತ್ರ. ಪರ್ಯೂಷಣದ ದಿನಗಳಲ್ಲಿ ಇದನ್ನು ನಾವು ತಪ್ಪದೆ ಪಠಿಸುತ್ತೇವೆ. ಈ ನಾಲ್ಕು ತಕ್ಕಡಿಗಳಲ್ಲಿ ನಮ್ಮ ಪ್ರವಾಹದಾನವನ್ನು ಒಮ್ಮೆ ತೂಗಿ ನೋಡೋಣ.

ಮೊದಲು ದ್ರವ್ಯ. ದೀಕ್ಷೆಯನ್ನು ಪಡೆದ ವೃಷಭದೇವನು ಆಹಾರಕ್ಕಾಗಿ ಊರೂರು ವಿಹರಿಸಿದಾಗ ಜನರು ರತ್ನ, ವಸ್ತ್ರ, ವಾಹನಗಳನ್ನು, ಕನ್ಯೆಯರನ್ನು ಸಹ ತಂದು ಮುಂದಿಟ್ಟರು. ಭಕ್ತಿಗೆ ಕೊರತೆಯಿರಲಿಲ್ಲ; ಮುನಿಗೆ ಏನು ಬೇಕೆಂಬ ಅರಿವು ಮಾತ್ರ ಇರಲಿಲ್ಲ. ಆದ್ದರಿಂದ ಲೋಕಗುರುವು ತಿಂಗಳುಗಟ್ಟಲೆ ನಿರಾಹಾರಿಯಾಗಿಯೇ ಇದ್ದನು. ಹಸ್ತಿನಾಪುರದ ಶ್ರೇಯಾಂಸನು ಇಕ್ಷುರಸವನ್ನು ನೀಡಿದಾಗಲೇ ದಾನತೀರ್ಥವು ಪ್ರವರ್ತಿಸಿತು. ಆ ಕಬ್ಬಿನ ಹಾಲು ರತ್ನಗಳಿಗಿಂತ ಬೆಲೆಯುಳ್ಳದ್ದಾಗಿರಲಿಲ್ಲ, ತಕ್ಕದ್ದಾಗಿತ್ತು. ಅಕ್ಷಯ ತೃತೀಯದಂದು ಈ ಕಥೆಯನ್ನು ಭಕ್ತಿಯಿಂದ ಕೇಳುವ ನಾವು, ದನ ಕಟ್ಟಲು ಗೇಣು ನೆಲವಿಲ್ಲದ ಮನೆಯನ್ನು ಒಕ್ಕಲಿಗನಿಗೆ ಕೊಟ್ಟು ಬರುತ್ತೇವೆ. ಅವನು ಬೇರೆ ದಾರಿಯಿಲ್ಲದೆ ಎತ್ತನ್ನೂ ಎಮ್ಮೆಯನ್ನೂ ಸಂತೆಗೆ ಹೊಡೆಯುತ್ತಾನೆ. ಅದೇ ಸಂತೆಯಿಂದ ಕಟುಕರ ಪಾಲಾಗುವ ಪಶುಗಳನ್ನು ಬಿಡಿಸಿ ತರಲು ನಾವು ಜೀವದಯಾ ನಿಧಿಗೆ ಚಂದಾ ಎತ್ತುತ್ತೇವೆ. ಒಂದು ಕೈಯಿಂದ ಕೊಟ್ಟಿಗೆಯನ್ನು ಕಿತ್ತು ಇನ್ನೊಂದು ಕೈಯಿಂದ ಗೋಶಾಲೆಯನ್ನು ಕಟ್ಟುವ ಈ ವ್ಯವಹಾರದಲ್ಲಿ ಅಹಿಂಸೆಯ ಲಾಭ ಎಲ್ಲಿ ಜಮಾ ಆಯಿತು?

ಎರಡನೆಯದು ವಿಧಿ. ಕೊಣ್ಣೂರಿನ ಹೆಸರನ್ನು ಮೇಲೆ ಹೇಳಿದೆ. ಆ ಊರು ನಮಗೆ ಅನ್ಯವಲ್ಲ. ಅಮೋಘವರ್ಷನ ಸಾಮಂತನಾದ ಬಂಕೇಶನು ಅಲ್ಲಿ, ಅಂದಿನ ಕೊಳನೂರಿನಲ್ಲಿ, ಜಿನಾಲಯವನ್ನು ಕಟ್ಟಿಸಿದನೆಂದೂ, ಶಕವರ್ಷ 782ರಲ್ಲಿ, ಅಂದರೆ ಕ್ರಿ.ಶ. 860ರಲ್ಲಿ, ಅದಕ್ಕೆ ತಳೆಯೂರೆಂಬ ಗ್ರಾಮವು ದತ್ತಿಯಾಯಿತೆಂದೂ ಅಲ್ಲಿಯ ಶಿಲಾಶಾಸನವು ಹೇಳುತ್ತದೆ. ಕಲ್ಲಿನ ಮೇಲಿನ ಬರಹವು ನಂತರದ ಕಾಲದ್ದೆಂದು ವಿದ್ವಾಂಸರು ಹೇಳಿದರೂ ದಾನದ ರೀತಿಯು ಸ್ಪಷ್ಟವಾಗಿದೆ. ಕಟ್ಟಡವನ್ನು ಕಟ್ಟಿ ಕೈತೊಳೆದುಕೊಳ್ಳುವುದು ಆ ಕಾಲದ ಕ್ರಮವಾಗಿರಲಿಲ್ಲ. ಅದು ನಡೆದುಕೊಂಡು ಹೋಗಲು ಭೂಮಿ, ಅದರ ಸೀಮೆ, ನೋಡಿಕೊಳ್ಳುವ ಆಚಾರ್ಯ, ಎಲ್ಲವೂ ಕೂಡಿ ದಾನ. ನಮ್ಮ ಬಸದಿಗಳ ಶಾಸನಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಒಡೆದದ್ದನ್ನು, ಬಿರಿದದ್ದನ್ನು ಸರಿಪಡಿಸುವ ಖರ್ಚನ್ನು ದಾನಿಯು ಮೊದಲೇ ತೆಗೆದಿಡುತ್ತಿದ್ದನು. ಇಂದು ನಾವು ಕಟ್ಟಿಸಿದ ಮನೆಯ ಗೋಡೆ ಬಿರಿದರೆ ದುರಸ್ತಿ ಯಾರದು? ಕೊಳವೆಬಾವಿಯ ಮೋಟಾರು ಸುಟ್ಟರೆ ಯಾರು ಕಟ್ಟಿಸುವರು? ಜಿನಬಿಂಬದ ಆಲಯಕ್ಕೆ ಇಟ್ಟ ಎಚ್ಚರವನ್ನು ಜೀವಂತ ಮನುಷ್ಯನ ಆಲಯಕ್ಕೆ ಇಡಲಿಲ್ಲವೇಕೆ?

ಮೂರನೆಯದು ದಾತೃ. ಸಪ್ತಗುಣಗಳುಳ್ಳವನೇ ದಾತನೆಂದು ಶ್ರಾವಕಾಚಾರ ಗ್ರಂಥಗಳು ಹೇಳುತ್ತವೆ. ಫಲಾಪೇಕ್ಷೆಯಿಲ್ಲದಿರುವುದು ಆ ಗುಣಗಳಲ್ಲಿ ಒಂದು. ಮನೆಗೆ ಫಲಕ ಹಚ್ಚಬಹುದು. ಚರಂಡಿಗೆ, ಮಣ್ಣಿನ ಪರೀಕ್ಷೆಗೆ, ಊರವರೊಡನೆ ಕುಳಿತು ಮಾಡಿದ ಮಾತುಕತೆಗೆ ಫಲಕ ಹಚ್ಚಲು ಬಾರದು. ಆದ್ದರಿಂದಲೇ ನಮ್ಮಲ್ಲಿ ಮನೆಗೆ ದಾನಿಗಳು ಸಿಗುತ್ತಾರೆ, ಊರಿಗೆ ಸಿಗುವುದಿಲ್ಲ. ಈ ಮಾತು ಕಟುವಾದರೂ ಸತ್ಯವಲ್ಲವೆಂದು ಎದೆ ಮುಟ್ಟಿಕೊಂಡು ಹೇಳಬಲ್ಲವರು ಹೇಳಲಿ.

ನಾಲ್ಕನೆಯದು ಪಾತ್ರ. 'ಹೊಳೆಸಾಲಿನ ಆ ಊರುಗಳಲ್ಲಿ ನಮ್ಮವರ ಮನೆಗಳೆಷ್ಟು?' ಎಂಬ ಪ್ರಶ್ನೆ ಬರುವುದುಂಟು. ಸಾಧರ್ಮಿಕ ವಾತ್ಸಲ್ಯವು ಧರ್ಮವೇ ಸರಿ. ಆದರೆ ಜಿನಸೇನಾಚಾರ್ಯರು ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿಗಳ ಜೊತೆಗೆ ದಯಾದತ್ತಿಯನ್ನೂ ಹೇಳಿದ್ದಾರೆ. ಅನುಗ್ರಹಕ್ಕೆ ಅರ್ಹವಾದ ಪ್ರಾಣಿಸಮೂಹಕ್ಕೆ ಅನುಕಂಪೆಯಿಂದ ಅಭಯವನ್ನು ನೀಡುವುದೇ ಅದರ ಲಕ್ಷಣವೆಂದಿದ್ದಾರೆ. ಅಲ್ಲಿ ಕುಲಗೋತ್ರದ ವಿಚಾರಣೆಯಿಲ್ಲ. ದಾಖಲೆಯ ವಿಚಾರಣೆಯೂ ಇರಕೂಡದು. ಒಂದು ಮನೆಯಲ್ಲಿ ಮೂವರು ಅಣ್ಣತಮ್ಮಂದಿರ ಮೂರು ಒಲೆಗಳಿದ್ದರೂ ಕಾಗದದಲ್ಲಿ ಒಂದೇ ಮನೆ. ಬಾಡಿಗೆಗಿದ್ದವನಿಗೆ, ಗಾಂವಠಾಣದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡ ಭೂಹೀನನಿಗೆ ಕಾಗದವೇ ಇಲ್ಲ. ಸರ್ಕಾರವು ಕಾಗದವನ್ನು ಕೇಳುವುದು ಅದರ ನಿಯಮ. ಕಾಗದವಿಲ್ಲದವನ ಭಯವು ಕಾಗದವುಳ್ಳವನ ಭಯಕ್ಕಿಂತ ಹೆಚ್ಚಿನದೆಂದು ತಿಳಿಯುವುದು ಶ್ರಾವಕನ ನಿಯಮವಾಗಬೇಕು.

ಊರನ್ನು ಸಾಗಿಸುವುದು ಸುಲಭವೆಂದು ನಾನು ಹೇಳುತ್ತಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆಯ ಬಹುಭಾಗ ಸಿಕ್ಕಿದಾಗ ನವನಗರದ ಯೋಜನೆಗೆ ಚಾರ್ಲ್ಸ್ ಕೊರಿಯಾ ಅವರಂಥ ಪ್ರಖ್ಯಾತ ವಾಸ್ತುಶಿಲ್ಪಿಯನ್ನು ತೊಡಗಿಸಲಾಗಿತ್ತು. ರಸ್ತೆ, ನೀರು, ಶಾಲೆಗಳೊಡನೆ ಒಂದು ನಗರವೇ ಎದ್ದಿತು. ಆದರೂ ಹಳೆಯ ಪೇಟೆಯಲ್ಲಿ ಇಂದಿಗೂ ವ್ಯಾಪಾರ ನಡೆದಿದೆ, ಏಕೆಂದರೆ ವ್ಯಾಪಾರವು ನಕ್ಷೆಯ ಹಿಂದೆ ಹೋಗದು, ಗಿರಾಕಿಯ ಹಿಂದೆ ಹೋಗುತ್ತದೆ. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯಲ್ಲಿ ಭೂಕಂಪವಾದ ಮೇಲೆ ಮಹಾರಾಷ್ಟ್ರದಲ್ಲಿ 52 ಗ್ರಾಮಗಳನ್ನು ಹೊಸ ಸ್ಥಳದಲ್ಲಿ ಕಟ್ಟಿದರು. ಪಟ್ಟಣದ ಬಡಾವಣೆಯಂತೆ ಅಗಲವಾದ ನೇರ ಬೀದಿಗಳು. ವಾಡೆ, ಓಣಿ, ಕಟ್ಟೆಗಳಲ್ಲಿ ಕೂಡಿ ಬಾಳಿದವರಿಗೆ ಅವು ಒಗ್ಗಲಿಲ್ಲವೆಂದು ಅಧ್ಯಯನ ಮಾಡಿದವರು ಬರೆದಿದ್ದಾರೆ. ಆದರೆ ಅದೇ ದುರಂತದಲ್ಲಿ ನಮ್ಮ ಸಮಾಜದಿಂದಲೇ ಒಂದು ಬೇರೆ ಬಗೆಯ ಸೇವೆಯೂ ನಡೆಯಿತು. ಶಾಂತಿಲಾಲ್ ಮುಥ್ಥಾ ಅವರ ಭಾರತೀಯ ಜೈನ ಸಂಘಟನೆಯು 1200 ಮಕ್ಕಳನ್ನು ಪುಣೆಗೆ ಕರೆತಂದು ಅವರ ವಿದ್ಯಾಭ್ಯಾಸವನ್ನು ವರ್ಷಗಟ್ಟಲೆ ನಡೆಸಿತು. ಅಲ್ಲಿ ದಾನವು ಕೀಲಿಕೈಯ ಹಸ್ತಾಂತರಕ್ಕೆ ಮುಗಿಯಲಿಲ್ಲ. ನಮ್ಮಿಂದ ಆಗದ ಕೆಲಸವೆಂದು ಯಾರೂ ಹೇಳದಿರಲಿ.

ಇನ್ನು ಆಕ್ಷೇಪಗಳು. 'ದೇವದ್ರವ್ಯವನ್ನು ಬೇರೆ ಕಾರ್ಯಕ್ಕೆ ಬಳಸಬಾರದು' ಎನ್ನುತ್ತಾರೆ. ಬಳಸಬಾರದು, ನಿಜ, ನಾನೂ ಅದನ್ನು ಕೇಳುತ್ತಿಲ್ಲ. ಸಾಧಾರಣ ನಿಧಿ ಇದೆ, ಜೀವದಯಾ ನಿಧಿ ಇದೆ, ಕಲ್ಯಾಣ ಮಂಟಪದ ಬಾಡಿಗೆಯ ಉತ್ಪನ್ನವಿದೆ. ಅವು ಠೇವಣಿಯಲ್ಲಿ ಕುಳಿತು ಬಡ್ಡಿಯನ್ನು ಮಾತ್ರ ಹಡೆಯುತ್ತಿದ್ದರೆ ಅದು ಟ್ರಸ್ಟಿನ ಪರಿಗ್ರಹವಲ್ಲವೇ? 'ಪಂಚಮಕಾಲ, ಅವನತಿ ತಪ್ಪದು' ಎನ್ನುವವರಿಗೆ ಆದಿದೇವನ ಉದಾಹರಣೆಯೇ ಉತ್ತರ. 'ಅವರವರ ಕರ್ಮ' ಎನ್ನುವವರಿಗೆ ಒಂದು ಮಾತು: ಪರರ ಕರ್ಮದ ಉದಯವನ್ನು ಲೆಕ್ಕ ಹಾಕುವ ಕೇವಲಜ್ಞಾನ ನಮಗಿಲ್ಲ, ನಮ್ಮ ಪ್ರಮಾದದಿಂದ ನಮಗೆ ಆಗುವ ಆಸ್ರವವನ್ನು ಲೆಕ್ಕ ಹಾಕುವಷ್ಟು ಶಾಸ್ತ್ರ ನಮಗೆ ಗೊತ್ತಿದೆ. 'ಸರ್ಕಾರದ ಕೆಲಸ' ಎಂಬುದಕ್ಕೂ ಹೇಳುತ್ತೇನೆ. ಭೂಮಿ, ರಸ್ತೆ, ವಿದ್ಯುತ್ತು ಸರ್ಕಾರವೇ ಕೊಡಬೇಕು. ಅದನ್ನು ಕೇಳಿ ಪಡೆಯುವುದು ನಾಗರಿಕರ ಹಕ್ಕು. ಆದರೆ ಊರವರ ಮಾತನ್ನು ಸಾವಧಾನವಾಗಿ ಕೇಳುವುದು, ಹತ್ತು ವರ್ಷ ಬಿಡದೆ ಹಿಂದೆ ನಿಲ್ಲುವುದು, ವರ್ಗವಾಗಿ ಹೋಗುವ ಅಧಿಕಾರಿಯಿಂದ ಆಗದು. ಇದೇ ಜಿಲ್ಲೆಯಲ್ಲಿ ತಲೆತಲಾಂತರದಿಂದ ಅಂಗಡಿಯಿಟ್ಟು ಆ ರೈತರ ಹತ್ತಿ, ಕಡಲೆ, ಜೋಳಗಳಿಂದಲೇ ಬಾಳಿದ ನಮ್ಮಿಂದ ಆಗಬಹುದು.

ಆದ್ದರಿಂದ ಪ್ರತಿಯೊಂದು ವಿಶ್ವಸ್ಥ ಮಂಡಳಿಯ ಮುಂದೆ ಐದು ಸಲಹೆಗಳನ್ನು ಇಡುತ್ತೇನೆ.

ಒಂದು, ಅಕ್ಷಯ ತೃತೀಯವು ಮುಂಗಾರಿಗೆ ಮುಂಚೆ ಬರುತ್ತದೆ. ಆ ದಿನವನ್ನು ಆಪತ್ತಿನ ಸಿದ್ಧತೆಯ ದಿನವಾಗಿ ಮಾಡಿರಿ. ತಮ್ಮ ಸುತ್ತಲಿನ ಯಾವ ಊರು ಮುಳುಗುತ್ತದೆ, ಯಾವುದು ಒಣಗುತ್ತದೆ, ನಡೆಯಲಾರದ ವೃದ್ಧರು, ಬಾಣಂತಿಯರು, ಅಂಗವಿಕಲರು ಎಷ್ಟು ಜನ, ದನಗಳೆಷ್ಟು ಎಂಬ ಪಟ್ಟಿಯನ್ನು ಗ್ರಾಮ ಪಂಚಾಯಿತಿಯೊಡನೆ ಸೇರಿ ಮಾಡಿರಿ.

ಎರಡು, ಹೊಸದಾಗಿ ಕಲ್ಯಾಣ ಮಂಟಪ, ಧರ್ಮಶಾಲೆಗಳನ್ನು ಕಟ್ಟುವಾಗ ಎತ್ತರದ ನೆಲವನ್ನು ಆರಿಸಿರಿ. ಶೌಚಾಲಯ, ಮಳೆನೀರಿನ ತೊಟ್ಟಿ, ಹೊರಗೆ ದನ ಕಟ್ಟುವ ಬಯಲು ಇರಲಿ. ವರ್ಷದಲ್ಲಿ ಕೆಲವು ದಿನ ಮದುವೆಗೆ, ಆಪತ್ತಿನಲ್ಲಿ ಅಭಯಕ್ಕೆ.

ಮೂರು, ಊರನ್ನು ಸಾಗಿಸಬೇಕಾಗಿ ಬಂದರೆ ನಕ್ಷೆಗೆ ಮುಂಚೆ ಸಭೆ ನಡೆಯಲಿ. ಆ ಸಭೆಯಲ್ಲಿ ಹೆಂಗಸರೂ ಭೂಹೀನರೂ ಮಾತನಾಡಲಿ. ಓಣಿ ಹೇಗಿತ್ತೋ ಹಾಗೆಯೇ ನೆರೆಹೊರೆಯವರು ಕೂಡಿ ಇರಲಿ. ಕೊಟ್ಟಿಗೆಗೂ ಬಣವಿಗೂ ಸ್ಥಳವಿಲ್ಲದ ನಕ್ಷೆಗೆ ನಮ್ಮ ಒಂದು ರೂಪಾಯಿಯೂ ಸಲ್ಲದಿರಲಿ.

ನಾಲ್ಕು, ನೂರು ಮನೆ ಕಟ್ಟುವ ಹಣದಲ್ಲಿ ಎಂಬತ್ತು ಮನೆಗಳನ್ನೇ ಕಟ್ಟಿರಿ. ಉಳಿದದ್ದನ್ನು ಖಂಡಸ್ಫುಟಿತ ಜೀರ್ಣೋದ್ಧಾರದ ನಿಧಿಯಾಗಿ ಹತ್ತು ವರ್ಷ ಕಾಯ್ದಿಡಿರಿ. ಪ್ರತಿ ವರ್ಷ ಸಭೆಗೆ ಲೆಕ್ಕವನ್ನು ಒಪ್ಪಿಸುವಾಗ ಎಷ್ಟು ಮನೆ ಕಟ್ಟಿದೆವು ಎಂಬುದರ ಕೆಳಗೆ, ಎಷ್ಟು ಮನೆಗಳಲ್ಲಿ ಇಂದು ದೀಪ ಉರಿಯುತ್ತಿದೆ ಎಂಬುದನ್ನೂ ಬರೆಯಿರಿ.

ಐದು, ನೀರು. ಇಲ್ಲಿ ಲಕ್ಕುಂಡಿಯ ಮಾತನ್ನು ಹೇಳದೆ ಇರಲಾರೆ. ಲಕ್ಕುಂಡಿಗೆ ಹೊಳೆಯ ಭಯವಿಲ್ಲ. ಅದರ ಭಯ ಬರದ್ದು. ನೂರೊಂದು ಗುಡಿ, ನೂರೊಂದು ಬಾವಿಯ ಊರೆಂದು ಅದಕ್ಕೆ ಖ್ಯಾತಿ. ಮಾಣಿಕೇಶ್ವರ ಗುಡಿಯ ಬಳಿಯ ಮುಸುಕಿನ ಬಾವಿಯನ್ನು ಕಂಡವರಿಗೆ ಗೊತ್ತು: ಅದರ ಮೆಟ್ಟಿಲುಗಳನ್ನು ಅಂದಕ್ಕಾಗಿ ಮಾತ್ರ ಕಟ್ಟಿಲ್ಲ. ತುಂಬಿದ ವರ್ಷ ನಾಲ್ಕು ಮೆಟ್ಟಿಲಿಗೆ ನೀರು, ಬತ್ತಿದ ವರ್ಷ ನಲವತ್ತು ಮೆಟ್ಟಿಲು ಇಳಿದರೂ ನೀರಿನ ಬಳಿಗೆ ಹೋಗುವ ದಾರಿ ಇರಬೇಕೆಂದು ಆ ಕಾಲದವರು ಯೋಚಿಸಿದ್ದರು. ಎರಡೂ ಬಗೆಯ ವರ್ಷಗಳು ಬರುತ್ತವೆಂದು ಒಪ್ಪಿಕೊಂಡು ಕಟ್ಟುವುದೇ ನಿಜವಾದ ಯೋಜನೆ. ಅಂಥ ಬಾವಿ, ಕೆರೆಗಳ ಹೂಳು ತೆಗೆಸುವುದು, ಪ್ರಾಚೀನ ಸ್ಮಾರಕಗಳಾದಲ್ಲಿ ಇಲಾಖೆಯ ಅನುಮತಿಯೊಡನೆ, ಶ್ರಾವಕರ ಮೊದಲ ಕರ್ತವ್ಯಗಳಲ್ಲಿ ಒಂದಾಗಲಿ. ಊರಲ್ಲಿ ನೀರಿದ್ದರೆ ಗುಳೆ ಹೋಗುವವರ ಸಂಖ್ಯೆ ತಾನೇ ಇಳಿಯುತ್ತದೆ.

ಲಕ್ಕುಂಡಿಯೆಂದರೆ ನಮಗೆ ದಾನಚಿಂತಾಮಣಿ ಅತ್ತಿಮಬ್ಬೆ. 1007ರಲ್ಲಿ ಅಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಮಹಾತಾಯಿ. ಪೊನ್ನನ ಶಾಂತಿಪುರಾಣವು ನಶಿಸದಿರಲೆಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು. ಆಕೆಯ ಮಹಿಮೆಗೆ ಉಕ್ಕಿದ ಗೋದಾವರಿಯು ನಿಂತಿತೆಂಬ ಐತಿಹ್ಯವನ್ನು ಪ್ರತಿ ಸಮಾರಂಭದಲ್ಲಿ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ 2009ರಲ್ಲಿ ಮಲಪ್ರಭೆ ನಿಲ್ಲಲಿಲ್ಲ, 2019ರಲ್ಲಿಯೂ ನಿಲ್ಲಲಿಲ್ಲ. ಅತ್ತಿಮಬ್ಬೆಯ ಅತಿಶಯವು ನಮ್ಮಲ್ಲಿ ಇಲ್ಲ. ಆದರೆ ಆಕೆಯ ದೂರದೃಷ್ಟಿಯನ್ನು ಅನುಸರಿಸಲು ಅತಿಶಯ ಬೇಕಿಲ್ಲ. ತಾಳೆಗರಿ ಹುಳುಬಿದ್ದು ಹಾಳಾದ ಮೇಲೆ ಆಕೆ ಮರುಗುತ್ತ ಕೂಡಲಿಲ್ಲ. ಹಾಳಾಗುವ ಮುಂಚೆಯೇ ಸಾವಿರ ಪ್ರತಿ ಮಾಡಿಸಿದಳು. ಹೊಳೆಯನ್ನು ನಿಲ್ಲಿಸುವುದು ನಮ್ಮಿಂದಾಗದಿದ್ದರೂ ಹೊಳೆ ಬರುವ ಮುಂಚೆ ಜನರನ್ನು, ಅವರ ದನಕರುಗಳನ್ನು, ಅವರ ಓಣಿಯ ಬಾಳನ್ನು ಭಯವಿಲ್ಲದ ನೆಲೆಗೆ ಸೇರಿಸುವುದು ಆಗಬಲ್ಲುದು. ಮುಂದಿನ ಮುಂಗಾರಿಗೆ ಬಹಳ ದಿನಗಳಿಲ್ಲ. ವಿಶ್ವಸ್ಥ ಮಂಡಳಿಗಳು ತಮ್ಮ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಮೊದಲನೆಯದಾಗಿ ಬರೆದುಕೊಳ್ಳಲಿ.